ಕಂಪನಿ ಬಾಗದಲ್ಲಿ ಪಗಾರ ನಿಂತ ವರ್ಷ

ಹೋದ ದೀಪಾವಳಿಯ ಮುಂಚೆ ಹುಬ್ಬಳ್ಳಿಯಲ್ಲಿ ದವಾಖಾನೆಗೆ ಹೋಗಿ ಬರುವಾಗ ನಮ್ಮ ರಿಕ್ಷಾ ಒಂದು ಹಳೆಯ ಬಂಗಲೆಯ ಗೋಡೆಯ ಪಕ್ಕ ನಿಂತುಬಿಟ್ಟಿತು. ಮುಂದೆ ಗಾಡಿಗಳು ಸಿಕ್ಕಿಕೊಂಡಿದ್ದವು. ಗೋಡೆಯ ಆಚೆಯಿಂದ ಆಕಾಶಮಲ್ಲಿಗೆಯ ವಾಸನೆ ಬಂತು. ಉದ್ದ ತೊಟ್ಟಿನ ಬಿಳಿ ಹೂವುಗಳು ರಸ್ತೆಯ ತುಂಬ ಬಿದ್ದಿದ್ದವು. ರಿಕ್ಷಾದವನಿಗೆ ಅವಸರವಿತ್ತು, ನನಗಿರಲಿಲ್ಲ. ಆ ವಾಸನೆ ಬಂದರೆ ನನಗೆ ನರಗುಂದ ನೆನಪಾಗುತ್ತದೆ. ನರಗುಂದವೆಂದರೆ ಗುಡ್ಡದ ಬುಡದ ಸರಕಾರಿ ತೋಟ, ಕಂಪನಿ ಬಾಗ. ಕಂಪನಿ ಬಾಗವೆಂದರೆ ಕನ್ನಡ ನಾಡು ಒಂದಾದ ಆ ವರ್ಷ, ನಮ್ಮಣ್ಣ ಎತ್ತಿನ ಹಿಂದೆ ನಡೆದ ವರ್ಷ.

ಆಗ ನಾನು ನರಗುಂದದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಊರವರೆಲ್ಲ ನನ್ನನ್ನು ‘ಅಕ್ಕಾರು’ ಎನ್ನುತ್ತಿದ್ದರು. ಆ ಸೀಮೆಯಲ್ಲಿ ಕಲಿಸುವ ಹೆಂಗಸಿಗೆ ಅದೇ ಹೆಸರು. ನಮ್ಮ ಮೂಲ ಊರು ರೋಣದ ಕಡೆಯ ಇಟಗಿ. ಅಪ್ಪ ತೀರಿಕೊಂಡ ಮೇಲೆ ಹೊಲವನ್ನು ಕಾಕಾನ ಕೈಗೆ ಬಿಟ್ಟು ಅವ್ವ, ಅಣ್ಣ ಗುರುಪಾದ, ನಾನು ಮೂವರೂ ನರಗುಂದಕ್ಕೆ ಬಂದೆವು. ಅಣ್ಣ ಒಕ್ಕಲುತನದ ಓದು ಮುಗಿಸಿ ಮುಂಬಯಿ ಸರಕಾರದ ನೌಕರಿಗೆ ಸೇರಿದ್ದ. ಅವನಿಗೆ ಸಿಕ್ಕ ಜಾಗ ಕಂಪನಿ ಬಾಗದ ಮೇಲ್ವಿಚಾರಣೆ. ತೋಟದೊಳಗೇ ಎರಡು ಖೋಲಿಯ ಕಲ್ಲಿನ ಮನೆ ನಮ್ಮದು.

ಬ್ರಿಟಿಷರ ಆಳ್ವಿಕೆಯಲ್ಲಿ ಗಿಡಮರದ ಹುಚ್ಚು ಹಿಡಿದ ಯಾರೋ ಒಬ್ಬ ಸಾಹೇಬ ಗುಡ್ಡದ ಬುಡದಲ್ಲಿ ಬಾವಿ ತೋಡಿಸಿ, ಸುತ್ತ ಗೋಡೆ ಕಟ್ಟಿಸಿ, ಎಲ್ಲೆಲ್ಲಿಂದಲೋ ಸಸಿ ತರಿಸಿ ಹಚ್ಚಿದ ತೋಟ ಅದು. ಆಕಾಶಮಲ್ಲಿಗೆ, ನಾಗಲಿಂಗ, ಮಹಾಗನಿ, ಗುಲ್‌ಮೊಹರ, ಎಲೆ ಮುರಿದರೆ ಲವಂಗದ ವಾಸನೆ ಬರುವ ಒಂದು ಮರ. ಪ್ರತಿ ಮರದ ಬೊಡ್ಡೆಗೂ ತಗಡಿನ ಪಟ್ಟಿ, ಅದರ ಮೇಲೆ ಊರಲ್ಲಿ ಯಾರಿಗೂ ನಾಲಗೆ ಹೊರಳದ ಹೆಸರು. ಮೇಲಿನ ಕೋಟೆಯಿಂದ ನೋಡಿದರೆ ಕಣ್ಣು ಮುಟ್ಟುವ ತನಕ ಕರಿ ಎರೆ ನೆಲ, ಜೋಳ, ಹತ್ತಿ, ಕುಸುಬೆ. ನಡುವೆ ಇದೊಂದು ಹಸಿರು ಚೌಕ. ಕಾಲುವೆ ಆಗಿನ್ನೂ ಬಂದಿರಲಿಲ್ಲ. ತೋಟದ ಜೀವವೆಲ್ಲ ಆ ಬಾವಿಯಲ್ಲಿತ್ತು. ಎರಡು ಎತ್ತು ಹಗ್ಗ ಜಗ್ಗಿಕೊಂಡು ಇಳಿಜಾರಿನಲ್ಲಿ ಇಳಿದರೆ ದೊಡ್ಡ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬಂದು ಕಲ್ಲಿನ ಹೌದಿಗೆ ಸುರಿಯುತ್ತಿತ್ತು.

ಅಣ್ಣನ ಕೈಕೆಳಗೆ ಇದ್ದವರು ಮೂವರು. ಮುದುಕ ಮಾಲಿ ಹನುಮಂತಪ್ಪ ಹುಟ್ಟಿದ್ದೇ ತೋಟದ ಹಿಂದಿನ ಗುಡಿಸಲಿನಲ್ಲಿ. ಅವನ ಅಪ್ಪನೂ ಅಲ್ಲೇ ಮಾಲಿ. ಬಾವಿಯ ಎತ್ತು ಹೊಡೆಯುತ್ತಿದ್ದವನು ಫಕೀರಪ್ಪ, ಗಟ್ಟಿ ಆಳು, ಮೂರು ಮಕ್ಕಳ ತಂದೆ. ಸಸಿಮಡಿಯ ಕೆಲಸ ಶಾಂತವ್ವನದು. ಗಜೇಂದ್ರಗಡದ ನೇಕಾರರ ಮನೆಯಿಂದ ಮದುವೆಯಾಗಿ ಬಂದು, ಗಂಡ ಸತ್ತ ಮೇಲೆ ದಿನಗೂಲಿಗೆ ಸೇರಿದವಳು. ಮಾತು ಕಡಿಮೆ. ಅವಳ ಕೈಯಲ್ಲಿ ಸಸಿ ಬಾಡಿದ್ದನ್ನು ನಾನು ಕಾಣೆ.

ನಾಡು ಒಂದಾದ ದಿನ ಊರಲ್ಲಿ ಮೆರವಣಿಗೆ, ಜಿಲೇಬಿ, ಭಾಷಣ. ಅಣ್ಣ ಹೊಸ ಧೋತರ ಉಟ್ಟು ಹೋಗಿ ಬಂದ. ಇನ್ನು ಮುಂಬಯಿಗೆ ಇಂಗ್ಲಿಷಿನಲ್ಲಿ ಬರೆಯುವುದು ತಪ್ಪಿತು, ನಮ್ಮ ಮಾತಿನಲ್ಲೇ ಕೇಳಬಹುದು, ನಮ್ಮವರೇ ಕೊಡುತ್ತಾರೆ ಎಂದು ಅವ್ವನ ಮುಂದೆ ಸಂಭ್ರಮದಿಂದ ಹೇಳಿಕೊಂಡ. ಮುಂದಿನ ತಿಂಗಳು ಪಗಾರ ಬರಲಿಲ್ಲ. ಹೊಸ ಸಂಸಾರ ಹೂಡುವಾಗ ತಡವಾಗುವುದು ಸಹಜ ಎಂದುಕೊಂಡೆವು. ಅದರ ಮುಂದಿನ ತಿಂಗಳೂ ಬರಲಿಲ್ಲ.

ಅಣ್ಣ ಬಸ್ಸು ಹಿಡಿದು ಧಾರವಾಡಕ್ಕೆ ಹೋದ. ಒಂದು ಕಚೇರಿಯವರು ತೋಟ ನಮ್ಮದಲ್ಲ, ಇನ್ನೊಂದು ಖಾತೆಯದು ಎಂದರು. ಆ ಖಾತೆಯವರು ಇವರ ಕಡೆ ಬೆರಳು ಮಾಡಿದರು. ಮುಂಬಯಿಯವರು ಬಿಟ್ಟುಕೊಟ್ಟಿದ್ದರು, ಮೈಸೂರಿನವರು ಹಿಡಿದುಕೊಂಡಿರಲಿಲ್ಲ. ಚುನಾವಣೆ ಹತ್ತಿರ ಬಂದಿತ್ತು. ಅದು ಮುಗಿಯಲಿ, ಆಮೇಲೆ ನೋಡೋಣ ಎಂಬ ಮಾತು ಎಲ್ಲರ ಬಾಯಲ್ಲೂ. ನಗಬೇಕೋ ಅಳಬೇಕೋ ತಿಳಿಯದ ಸಂಗತಿಯೆಂದರೆ, ಬಾವಿಯ ಎತ್ತುಗಳ ಮೇವಿನ ಮಂಜೂರಿ ಮಾತ್ರ ತಪ್ಪದೆ ಬರುತ್ತಿತ್ತು. ಜಾನುವಾರುಗಳ ಬಾಬು ಬೇರೆಯಂತೆ, ಅದನ್ನು ಯಾರೂ ನಿಲ್ಲಿಸಿರಲಿಲ್ಲ. ಎತ್ತುಗಳು ಸರಕಾರದ ಲೆಕ್ಕದಲ್ಲಿ ಇದ್ದವು, ಮನುಷ್ಯರು ಇರಲಿಲ್ಲ.

ಶಾಲೆಯದು ಸ್ಕೂಲ್ ಬೋರ್ಡಿನ ಬೇರೆ ಲೆಕ್ಕ, ನನ್ನ ಪಗಾರ ಬರುತ್ತಿತ್ತು. ಅದರಲ್ಲಿ ಅವ್ವ ಜೋಳ ತರಿಸಿ ಹನುಮಂತಪ್ಪನ ಮನೆಗೂ ಶಾಂತವ್ವನಿಗೂ ಅಳೆದು ಕೊಡುತ್ತಿದ್ದಳು. ಫಕೀರಪ್ಪನ ಮನೆಯಲ್ಲಿ ಬಾಯಿಗಳು ಹೆಚ್ಚು, ಅಷ್ಟಕ್ಕೆ ಸಾಲದು. ಸುಗ್ಗಿ ಮುಗಿದು ಅರಳೆ ಬಿಡಿಸುವ ಹಂಗಾಮು ಬಂದಾಗ ಗದಗಿನ ಗಿರಣಿಯಿಂದ ಅವನಿಗೆ ಕರೆ ಬಂತು. ಒಂದು ಮುಂಜಾನೆ ಎತ್ತುಗಳ ಮೈ ತಿಕ್ಕಿ, ನೀರು ಕುಡಿಸಿ, ಬಾರುಕೋಲನ್ನು ತಂದು ನಮ್ಮ ಕಟ್ಟೆಯ ಮೇಲಿಟ್ಟ.

“ಎತ್ತಿಗೆ ಮೇವು ಬರತೈತಿ, ನಮಗ ಬರೂದಿಲ್ಲ. ಎತ್ತಾಗಿ ಹುಟ್ಟಿದ್ರ ಚಲೋ ಇತ್ತರಿ ಸಾಹೇಬ್ರ,” ಎಂದ. ಅಣ್ಣನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಹಿಂದೆ ನೋಡದೆ ಹೋದ. ಅಣ್ಣ ಅವನನ್ನು ತಡೆಯಲಿಲ್ಲ. ಯಾವ ಬಾಯಿಂದ ತಡೆಯಬೇಕು?

ಅಂದು ನಾನು ಶಾಲೆಯಿಂದ ಬರುವಾಗ ಅಣ್ಣನ ಕೋಟು ಬೇವಿನ ಟೊಂಗೆಗೆ ತೂಗುತ್ತಿತ್ತು. ಧೋತರದ ಕಚ್ಚೆ ಬಿಗಿದು ಅವನು ಎತ್ತುಗಳ ಹಿಂದೆ ಇಳಿಜಾರಿನಲ್ಲಿ ನಡೆಯುತ್ತಿದ್ದ. ರೂಢಿಯಿಲ್ಲದ ಕೈ, ಹಗ್ಗ ಜಾರಿ ಅಂಗೈ ಕಿತ್ತುಹೋಗಿತ್ತು. ಗೋಡೆಯ ಹೊರಗೆ ನಾಲ್ಕಾರು ಮಂದಿ ನಿಂತು ನೋಡುತ್ತಿದ್ದರು. ಓದಿದ ಸಾಹೇಬರು ಎತ್ತು ಹೊಡೆಯುವ ಚಂದ ನೋಡಿ ಎಂದು ಯಾರೋ ನಕ್ಕರು. ಅವ್ವ ಬೆಣ್ಣೆಗೆ ಅರಿಸಿನ ಕಲಸಿ ಕೈಗೆ ಹಚ್ಚಿದಳು. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವಂತಿಲ್ಲ, ಆ ದಿನ ಅವನೂ ಎತ್ತುಗಳ ಹಾಗೆಯೇ ಬಿದ್ದುಕೊಂಡಿರುತ್ತಿದ್ದ.

ಅದೇ ಹೊತ್ತಿಗೆ ಚನ್ನಬಸಪ್ಪ ಸಾವಕಾರರು ಮನೆಗೆ ಬಂದರು. ಊರಿನ ಅರಳೆ ವ್ಯಾಪಾರಿಗಳಲ್ಲಿ ಅವರದೇ ಮುಂದಾಳುತನ. ಅವರನ್ನು ಕೆಟ್ಟವರೆಂದು ಹೇಳಲಾರೆ. ಹತ್ತಿಯ ಹಂಗಾಮಿನಲ್ಲಿ ಸುತ್ತಲಿನ ಹಳ್ಳಿಗಳ ಗಾಡಿಗಳೆಲ್ಲ ಪೇಟೆಯ ಬೀದಿಯಲ್ಲೇ ನಿಲ್ಲುತ್ತಿದ್ದವು. ಧೂಳು, ಜಗಳ, ಬೆಂಕಿಯ ಹೆದರಿಕೆ. ಗಾಡಿ ನಿಲ್ಲಲು, ಅರಳೆ ಒಟ್ಟಲು ಗೋಡೆಯೊಳಗಿನ ಜಾಗ ಬೇಕಾಗಿತ್ತು. ನೀರಿದ್ದು, ಗೋಡೆಯಿದ್ದು, ಯಜಮಾನನಿಲ್ಲದ ಜಾಗ ಊರಲ್ಲಿ ಒಂದೇ.

“ತೋಟ ನಡಸೂದು ಆಗೂದಿಲ್ಲಂತ ನೀವ ಒಂದ ಮಾತ ಬರದ ಕೊಡ್ರಿ. ಮುಂದಿಂದು ನಾ ನೋಡ್ಕೋತೀನಿ,” ಎಂದರು ಅಣ್ಣನಿಗೆ. “ನಿಮಗ ಧಾರವಾಡದಾಗ ಚಲೋ ಜಾಗಾ ಸಿಗತೈತಿ. ನಿಂತ ಪಗಾರಾನೂ ಲಗೂ ಬರತೈತಿ.”

ವಿಚಾರ ಮಾಡುತ್ತೇನೆ ಎಂದ ಅಣ್ಣ. ಅವರು ಹೋದ ಮೇಲೆ ಅವ್ವ ಬರೆದುಕೊಡೆಂದು ಹಟ ಹಿಡಿದಳು. ಗಿಡಗಳ ಸಲುವಾಗಿ ಮನೆ ಉಪವಾಸ ಬೀಳುವುದು ಯಾವ ಶಾಣೇತನ, ತಂಗಿಯ ಗಳಿಕೆಯಲ್ಲಿ ಎಷ್ಟು ದಿನ ಉಣ್ಣುವುದು, ಎಂದು ಕೇಳಿದಳು. ಆ ಮಾತು ಅವನಿಗೆ ನಾಟಿತು. ನನಗೂ ನಾಟಿತು. ಎರಡು ದಿನ ಅವನು ಊಟದ ಮುಂದೆ ಕುಳಿತು ಎದ್ದು ಹೋಗುತ್ತಿದ್ದ. ನಾನೂ ಒಳಗೊಳಗೆ, ಬರೆದುಕೊಟ್ಟುಬಿಡಲಿ, ಧಾರವಾಡಕ್ಕೆ ಹೋಗಿ ನೆಮ್ಮದಿಯಾಗಿರೋಣ ಎಂದುಕೊಂಡಿದ್ದೆ. ಮೂರನೆಯ ದಿನ ಅವನೇ ಅವ್ವನ ಮುಂದೆ ಕುಳಿತು ಹೇಳಿದ.

“ಕೈ ಏಳವಲ್ದವ್ವಾ. ನಾ ಧಾರವಾಡಕ್ಕ ಹೋಗ್ತೀನಿ, ಖರೇ. ಹನುಮಂತಪ್ಪ ಎಲ್ಲಿಗೆ ಹೋಗಬೇಕು? ಶಾಂತವ್ವ ಎಲ್ಲಿಗೆ ಹೋಗಬೇಕು? ಅವರ ಕೆಲಸಾ ಬ್ಯಾಡಂತ ನನ್ನ ಕೈಲೆ ಬರೀಲೇನು?”

ಅವ್ವ ಎದ್ದು ಅವನಿಗೆ ರೊಟ್ಟಿ ಬಡಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಬೇಸಿಗೆ ಬಂತು. ಎರೆ ನೆಲ ಬಿರುಕು ಬಿಟ್ಟಿತು. ಗುಡ್ಡದ ಬಂಡೆಗಳಿಂದ ಕಾವು ಇಳಿದು ತೋಟವನ್ನು ಸುಡುತ್ತಿತ್ತು. ದೊಡ್ಡ ಮರಗಳಿಗೆ ಭಯವಿರಲಿಲ್ಲ. ಸಸಿಮಡಿಯವು, ಎರಡು ವರ್ಷದಿಂದ ಕಸಿ ಕಟ್ಟಿ ಬೆಳೆಸಿದ ಮಾವು, ನಿಂಬೆ, ಚಿಕ್ಕುಗಳದೇ ಚಿಂತೆ. ಆಗಲೇ ಬಾವಿಯ ತೊಗಲಿನ ಚೀಲ ಹರಿಯಿತು. ಹೊಸದನ್ನು ಮಾಡಿಸಲು ಮಂಜೂರಿ ಬೇಕು, ಮಂಜೂರಿ ಕೊಡುವವರು ಯಾರೆಂದು ಯಾರಿಗೂ ಗೊತ್ತಿಲ್ಲ. ಹೊಲಿಸಿದ ಚೀಲದಲ್ಲಿ ಅರ್ಧ ನೀರು ಮೇಲೆ ಬರುವುದರೊಳಗೇ ಸೋರಿಹೋಗುತ್ತಿತ್ತು. ಹೌದಿನಿಂದ ಗಿಡಗಳ ಪಾತಿಗೆ ಹರಿಸುವಷ್ಟು ನೀರು ಕೂಡುತ್ತಿರಲಿಲ್ಲ. ಶಾಂತವ್ವ ಕೊಡ ಹೊತ್ತು ಒಂದೊಂದೇ ಸಸಿಗೆ ಹಾಕತೊಡಗಿದಳು. ಮುಂಜಾನೆ ಊರ ಹೊಲಗಳಲ್ಲಿ ಹತ್ತಿ ಬಿಡಿಸಿ, ಮಧ್ಯಾಹ್ನ ಬಂದು ನೀರು ಹೊರುತ್ತಿದ್ದಳು. ಯಾಕೆ ಬರುತ್ತೀ ಎಂದು ಅಣ್ಣ ಒಮ್ಮೆ ಕೇಳಿದ. ನಾನು ಹಚ್ಚಿದ್ದಲ್ಲವೇ, ಎಂದಷ್ಟೇ ಹೇಳಿದಳು.

ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ನಾನು ಹುಡುಗಿಯರನ್ನು ತೋಟಕ್ಕೆ ಕರೆದುಕೊಂಡು ಬರಲು ಸುರುಮಾಡಿದೆ. ಸಣ್ಣ ತಂಬಿಗೆ, ಬಿಂದಿಗೆಗಳಲ್ಲಿ ನೀರು ಹಾಕಿ, ನೆರಳಿನಲ್ಲಿ ಆಡಿಕೊಂಡು ಹೋಗುತ್ತಿದ್ದರು. ಕರೆದೊಯ್ಯಲು ಬಂದ ತಾಯಂದಿರು ಮೊದಲು ಬಾಗಿಲಲ್ಲಿ ನಿಂತರು. ಆಮೇಲೆ ಒಳಗೆ ಬಂದರು. ಯಾರೋ ಒಬ್ಬಳು ಶಾಂತವ್ವನ ಕೈಯಿಂದ ಕೊಡ ಇಸಿದುಕೊಂಡಳು. ಕೆಲ ವಾರಗಳಲ್ಲಿ ದಿನಾಲೂ ಇಳಿಹೊತ್ತಿಗೆ ಹೆಂಗಸರು ಬರತೊಡಗಿದರು. ಒಕ್ಕಲಿಗರ ಮನೆಯವರು, ಅಂಗಡಿಕಾರರ ಮನೆಯವರು, ಗುಡಿ ಬಿಟ್ಟರೆ ಹೊಸ್ತಿಲು ದಾಟದ ಸೊಸೆಯಂದಿರು ಕೂಡ. ಅಕ್ಕಾರು ಇರುವ ಜಾಗ ಎಂದರೆ ಮನೆಯಲ್ಲಿ ಬೇಡವೆನ್ನುವಂತಿರಲಿಲ್ಲ. ಎರಡು ಕೊಡ ನೀರು ಹಾಕಿ, ಮಹಾಗನಿಯ ನೆರಳಿನಲ್ಲಿ ಕುಳಿತು, ಮಾತಾಡಿ, ಕರಿಬೇವು ಮುರಿದುಕೊಂಡು ಹೋಗುತ್ತಿದ್ದರು. ಅವರ ನಗು ಕೇಳಿದರೆ ತೋಟಕ್ಕೆ ಬಂದ ಆಪತ್ತು ಮರೆತುಹೋಗುತ್ತಿತ್ತು.

ಅವರಲ್ಲಿ ಒಬ್ಬರು ನೀಲವ್ವ, ಚನ್ನಬಸಪ್ಪ ಸಾವಕಾರರ ತಾಯಿ. ಮೊಮ್ಮಗಳು ನನ್ನ ತರಗತಿಯಲ್ಲಿದ್ದಳು. ಅವಳ ಹೆಗಲು ಹಿಡಿದುಕೊಂಡು ಬರುತ್ತಿದ್ದರು. ಕಾಲುನೋವಿನ ಮುದುಕಿ, ನೀರು ಹೊರುವಂತಿರಲಿಲ್ಲ. ಮಹಾಗನಿಯ ಬೊಡ್ಡೆಗೆ ಬೆನ್ನು ಕೊಟ್ಟು ಕುಳಿತು ಉಳಿದವರಿಗೆ ಆ ಸಸಿಗೆ ಹಾಕು, ಈ ಸಸಿಗೆ ಹಾಕು ಎಂದು ಹೇಳುವುದೇ ಅವರ ಕೆಲಸ.

ಅಣ್ಣ ಬರೆದುಕೊಡದಿದ್ದರೂ ಸಾವಕಾರರು ಬೇರೆ ಕಡೆಯಿಂದ ಪ್ರಯತ್ನ ಮಾಡಿದ್ದರು. ಒಂದು ದಿನ ಇಳಿಹೊತ್ತಿನಲ್ಲಿ ಇಬ್ಬರು ಆಳುಗಳ ಕೈಯಲ್ಲಿ ಅಳತೆಯ ಸರಪಳಿ ಹಿಡಿಸಿಕೊಂಡು ಬಾಗಿಲಿಗೆ ಬಂದರು. ಜಾಗ ಅಳೆದು ನಕಾಶೆ ಮಾಡಲು ಪರವಾನಿಗೆ ಸಿಕ್ಕಿದೆ ಎಂದು ಅಣ್ಣನಿಗೆ ಹೇಳಿದರು. ಹನುಮಂತಪ್ಪ ಕೈಯಲ್ಲಿದ್ದ ಕುರ್ಪಿ ಕೆಳಗಿಟ್ಟು ನೆಲದ ಮೇಲೆ ಕುಳಿತುಬಿಟ್ಟ. ಸರಪಳಿಯ ಒಂದು ತುದಿಯನ್ನು ಬಾಗಿಲ ಕಲ್ಲಿಗೆ ಹಿಡಿದು ಇನ್ನೊಬ್ಬ ಆಳು ಒಳಗೆ ನಡೆದ. ನಡೆದವನು ಮಹಾಗನಿಯ ಹತ್ತಿರ ನಿಂತ. ಅಲ್ಲಿ ಹೆಂಗಸರು ಕುಳಿತಿದ್ದರು, ಏಳಲಿಲ್ಲ.

“ಚನ್ನಬಸೂ, ಏನ ಅಳ್ಯಾಕತ್ತೀಪಾ?” ಎಂದರು ನೀಲವ್ವ.

ಸಾವಕಾರರಿಗೆ ತಾಯಿ ಅಲ್ಲಿಗೆ ಬರುವುದು ಗೊತ್ತಿರಲಿಲ್ಲವೆಂದು ಕಾಣುತ್ತದೆ. ಗಾಡಿ ನಿಲ್ಲಿಸಲು ಜಾಗ ನೋಡುತ್ತಿದ್ದೇನೆ, ಹೊತ್ತಾಯಿತು ಮನೆಗೆ ನಡಿ, ಎಂದು ಮೆಲ್ಲಗೆ ಹೇಳಿದರು. ನೀಲವ್ವ ಕದಲಲಿಲ್ಲ. ದನಿಯನ್ನೂ ಏರಿಸಲಿಲ್ಲ.

“ನಾ ಈ ಊರಿಗೆ ಸೊಸಿ ಆಗಿ ಬಂದಾಗ ಈ ಬಾಗಲದಾಗ ಸಿಪಾಯಿ ನಿಂತಿರತಿದ್ದ. ಸಾಹೇಬ್ರು, ಅವರ ಮಡ್ಡಮ್ಮಗಳ ಬಿಟ್ರ ಯಾರನ್ನೂ ಒಳಗ ಬಿಡತಿರಲಿಲ್ಲ. ಗ್ವಾಡಿ ಹೊರಗ ಸಗಣಿ ಆರಿಸ್ಕೋತ ಅಡ್ಡ್ಯಾಡೀನಿ. ಒಳಗ ಏನೈತಿ ಅಂತ ನಿಮ್ಮಪ್ಪನ್ನ ಕೇಳಿದ್ದೆ. ಅವರೂ ನೋಡಿರಲಿಲ್ಲ, ನೋಡದ ಹೋದ್ರು. ನಾ ಈಗ ನೋಡೀನಿ. ಬ್ಯಾರೆಯವರು ಮುಚ್ಚಿದ ಬಾಗಲಾ ತಗದೈತಿ, ನೀ ಬಂದು ಮುಚ್ಚತೀಯೇನು?”

“ಹತ್ತಿ ಗಾಡಿ ಎಲ್ಲಿ ನಿಂದ್ರಸಬೇಕಬೇ?”

“ಅದನ್ನ ನೀವು ಗಂಡಸರು ಕುಂತು ವಿಚಾರ ಮಾಡ್ರಿ. ಊರ ಸುತ್ತ ಇಷ್ಟು ನೆಲಾ ಬಿದ್ದೈತಿ.”

ಸಾವಕಾರರು ರುಮಾಲು ತೆಗೆದು ಮುಖ ಒರೆಸಿಕೊಂಡರು. ಸುತ್ತ ನೋಡಿದರು, ಮರಗಳನ್ನು, ಕೊಡ ಹಿಡಿದು ನಿಂತ ಹೆಂಗಸರನ್ನು, ಅಣ್ಣನ ಕೈಗೆ ಕಟ್ಟಿದ ಬಟ್ಟೆಯನ್ನು. ಅಷ್ಟು ವರ್ಷ ಆ ಊರಲ್ಲಿದ್ದೂ ಅವರು ಒಳಗೆ ಬಂದು ಹೀಗೆ ನಿಂತು ನೋಡಿದ್ದು ಅದೇ ಮೊದಲೇನೋ. ಕೊನೆಗೆ ಆಳುಗಳಿಗೆ ಸರಪಳಿ ಸುತ್ತಲು ಹೇಳಿದರು. ಕುಡಿಯಲು ನೀರು ಕೇಳಿದರು. ಶಾಂತವ್ವ ತಂದುಕೊಟ್ಟ ತಂಬಿಗೆ ಬರಿದು ಮಾಡಿ, ಅಣ್ಣನ ಕಡೆ ತಿರುಗಿ, “ಧಾರವಾಡಕ್ಕ ಎಂದ ಹೊಂಟೀರಿ?” ಎಂದು ಕೇಳಿದರು. ನಾಳೆಯೇ ಎಂದ ಅಣ್ಣನಿಗೆ, “ನಾನೂ ಬರ್ತೀನಿ, ನಡ್ರಿ,” ಎಂದರು.

ನನ್ನ ಎದೆಯ ಮೇಲಿದ್ದ ಕಲ್ಲು ಆ ಕ್ಷಣವೇ ಅರ್ಧ ಇಳಿಯಿತು. ಇನ್ನೂ ಯಾವ ಆದೇಶವೂ ಬಂದಿರಲಿಲ್ಲ. ಆದರೆ ಅಷ್ಟು ದಿನ ಅಣ್ಣ ಒಬ್ಬನೇ ಬಸ್ಸು ಹತ್ತಿ ಹೋಗುತ್ತಿದ್ದ, ನಾಳೆ ಅವನ ಜತೆ ಇನ್ನೊಬ್ಬರು ಇರುತ್ತಾರೆ ಎಂಬುದೇ ಸಾಕಾಗಿತ್ತು.

ಅವರಿಬ್ಬರೂ ಸಾವಕಾರರ ಅರಳೆಯ ಲಾರಿಯಲ್ಲಿ ಹೋದರು. ಮೊದಲಿನ ಹಾಗೆಯೇ ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಳಿಸಿದರಂತೆ. ಸಾವಕಾರರಿಗೆ ಕಾಯುವ ರೂಢಿಯಿರಲಿಲ್ಲ. ಒಂದು ಕಡೆ ಕುರ್ಚಿ ಎಳೆದುಕೊಂಡು ಕುಳಿತು, ತೋಟ ಯಾರದೆಂದು ಹೇಳುವ ತನಕ ಏಳುವುದಿಲ್ಲ ಎಂದುಬಿಟ್ಟರಂತೆ. ಆಗ ಒಬ್ಬ ಗುಮಾಸ್ತ, ಹಳೆಯ ಮೈಸೂರಿನ ಕಡೆಯಿಂದ ಸರಕಾರಿ ತೋಟಗಳನ್ನು ನೋಡಿಕೊಳ್ಳುವ ಅಧಿಕಾರಿ ಬಂದಿದ್ದಾರೆ, ಪ್ರವಾಸಿ ಬಂಗಲೆಯಲ್ಲಿ ಇಳಿದಿದ್ದಾರೆ ಎಂದು ತಿಳಿಸಿದ. ಇಬ್ಬರೂ ಅಲ್ಲಿಗೇ ಹೋಗಿ ಅವರನ್ನು ಕಂಡರು. ಇಂಥದೊಂದು ತೋಟ ಇರುವುದೇ ತಮಗೆ ಗೊತ್ತಿಲ್ಲ, ಬಂದು ನೋಡುತ್ತೇನೆ ಎಂದರಂತೆ ಅವರು.

ಬರುತ್ತಾರೆಂದು ನಾವು ನಂಬಿರಲಿಲ್ಲ. ಮುಂದಿನ ವಾರವೇ ಜೀಪು ಬಂತು. ಕನ್ನಡಕ ಹಾಕಿದ ತೆಳ್ಳನೆಯ ಮನುಷ್ಯರು. ಇಳಿದವರೇ ಮಹಾಗನಿಯ ಹತ್ತಿರ ಹೋಗಿ ತೊಗಟೆಯ ಮೇಲೆ ಕೈಯಿಟ್ಟರು. ಒಂದೊಂದು ಮರವನ್ನೂ ಗುರುತು ಹಿಡಿದು, ಹಳೆಯ ಗೆಳೆಯರು ಸಿಕ್ಕ ಹಾಗೆ ಖುಷಿಪಟ್ಟರು.

“ಇಂಥಾ ಒಣಭೂಮೀಲಿ ಇವನ್ನೆಲ್ಲ ಹೇಗ್ರೀ ಉಳಿಸಿಕೊಂಡ್ರಿ?” ಎಂದು ಅಣ್ಣನನ್ನು ಕೇಳಿದರು. ಅವರ ಕನ್ನಡ ನಮಗೆ ಹೊಸದು, ಮೆತ್ತಗೆ, ಉದ್ದಕ್ಕೆ.

ಅಣ್ಣ ತಾನೊಬ್ಬನೇ ಅಲ್ಲವೆಂದು ಹನುಮಂತಪ್ಪನನ್ನೂ ಶಾಂತವ್ವನನ್ನೂ ಕರೆದು ಮುಂದೆ ನಿಲ್ಲಿಸಿದ. ಫಕೀರಪ್ಪನ ವಿಷಯ ಹೇಳಿದ. ಎತ್ತುಗಳ ಮೇವಿನ ವಿಷಯವನ್ನೂ ಹೇಳಿದ. ಅಧಿಕಾರಿಗಳು ಮೊದಲು ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ನಿಂತರು, ನಗು ಹೋಗಿತ್ತು. ಹನುಮಂತಪ್ಪನ ಕಡೆ ತಿರುಗಿ, “ಯಜಮಾನ್ರೇ, ಸಂಬಳ ಬಂದು ಎಷ್ಟು ದಿನ ಆಯ್ತು?” ಎಂದು ಕೇಳಿದರು.

ಹನುಮಂತಪ್ಪ ಅಣ್ಣನ ಮುಖ ನೋಡಿದ. ಪಗಾರದ ಮಾತು ಕೇಳುತ್ತಿದ್ದಾರೆ ಎಂದ ಅಣ್ಣ. ಮುದುಕ ಕೈಮುಗಿದ.

“ಯಾವ ಹೆಸರಲೆ ಬಂದ್ರೂ ಆಗ್ಲಿರಿ, ಬಂದ್ರ ಸಾಕು.”

ಅಧಿಕಾರಿಗಳು ಅಂದು ನಮ್ಮ ಮನೆಯಲ್ಲೇ ರೊಟ್ಟಿ ಉಂಡರು. ಅವ್ವ ಬಡಿಸುತ್ತಿದ್ದಾಗ, ತೋಟ ತಮ್ಮ ಖಾತೆಗೇ ಸೇರುತ್ತದೆ, ಎಲ್ಲರ ಜಾಗವೂ ಉಳಿಯುತ್ತದೆ, ಶಾಂತವ್ವನನ್ನು ದಿನಗೂಲಿಯಿಂದ ತೆಗೆದು ಕಾಯಂ ಮಾಡುತ್ತೇನೆ ಎಂದು ಹೇಳಿದರು. ಶಾಂತವ್ವ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಅವಳಿಗೆ ಕೇಳಿಸಿತೆಂದು ನನಗೆ ಗೊತ್ತಾದದ್ದು, ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಾಗ.

ಮಾತು ಕೊಟ್ಟು ಹೋದ ಅಧಿಕಾರಿಗಳು ಮರೆತಾರೆಂಬ ಭಯ ಅಣ್ಣನಿಗೆ ಇದ್ದೇ ಇತ್ತು. ಅವರು ಮರೆಯಲಿಲ್ಲ. ಮುಂಗಾರಿನ ಮಿರಗದ ಮಳೆ ಇನ್ನೇನು ಹಿಡಿಯುವ ಹೊತ್ತಿಗೆ ಆದೇಶ ಬಂತು, ಅದರ ಬೆನ್ನಿಗೇ ನಿಂತ ಪಗಾರವೂ ಬಂತು. ಬಾವಿಗೆ ಹೊಸ ಚೀಲ ಬಂತು. ಸುದ್ದಿ ಗದಗಿನ ತನಕ ಹೇಗೆ ಮುಟ್ಟಿತೋ, ಒಂದು ಮುಂಜಾನೆ ಫಕೀರಪ್ಪ ಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದ. ತನ್ನ ಜಾಗ ಇದೆಯೋ ಇಲ್ಲವೋ ಎಂದು ಒಳಗೆ ಬರಲು ಹಿಂಜರಿಯುತ್ತಿದ್ದ. ಅಣ್ಣ ಹೋಗಿ ಬಾರುಕೋಲನ್ನು ಅವನ ಕೈಗೆ ಕೊಟ್ಟು, ಎತ್ತುಗಳು ತನ್ನ ಮಾತು ಕೇಳುವುದಿಲ್ಲ ಎಂದ. ಅರಳೆಯ ಗಾಡಿಗಳಿಗೆ ಸಾವಕಾರರು ಊರಾಚೆ ತಮ್ಮದೇ ಹೊಲದ ಒಂದು ತುಂಡನ್ನು ಬಿಟ್ಟುಕೊಟ್ಟರು. ತಾಯಿಯ ಕೈಯಲ್ಲಿ ಸಿಕ್ಕಿಬಿದ್ದದ್ದನ್ನು ಪೇಟೆಯಲ್ಲಿ ತಾವೇ ಹೇಳಿಕೊಂಡು ನಗುತ್ತಿದ್ದರು.

ಪಗಾರ ಹಂಚಿದ ದಿನ ಮಧ್ಯಾಹ್ನವೇ ಮೋಡ ಕವಿಯಿತು. ಹನುಮಂತಪ್ಪ ತನ್ನ ಪಾಲು ತೆಗೆದುಕೊಂಡು, ಮೊದಲು ಅವ್ವನ ಮುಂದೆ ಇಟ್ಟು ನಮಸ್ಕಾರ ಮಾಡಿ, ಆಮೇಲೆ ಒಯ್ದ. ಫಕೀರಪ್ಪ ಹೆಂಡತಿ ಮಕ್ಕಳನ್ನು ಕರೆದುಕೊಂಡು ಸಂತೆಗೆ ಹೋದ. ಅಣ್ಣ ಬೀಜದ ಖೋಲಿಯಲ್ಲಿ ಸಾಮಾನು ಜೋಡಿಸಿ ಬರುತ್ತೇನೆಂದು ಹೋದವನು ಬರಲೇ ಇಲ್ಲ. ದೊಡ್ಡ ಹನಿಗಳು ಬಿದ್ದವು. ನೋಡುನೋಡುತ್ತ ಗುಡ್ಡ ಕಾಣದಂತೆ ಮಳೆ ಸುರಿಯಿತು. ಎರೆ ನೆಲದ ಬಿರುಕುಗಳು ನೀರು ಕುಡಿಯುವ ಸಪ್ಪಳ ಕೇಳುತ್ತಿತ್ತು. ಚಹಾ ತಣ್ಣಗಾಗುತ್ತದೆಂದು ನಾನು ಗೋಣಿಚೀಲ ತಲೆಗೆ ಹೊದ್ದು ಅವನನ್ನು ಕರೆಯಲು ಓಡಿದೆ.

ಬಾಗಿಲಲ್ಲಿ ಶಾಂತವ್ವ ಕುಳಿತಿದ್ದಳು. ಒಳಗೆ ಸೇಂಗಾದ ಚೀಲಗಳ ಮೇಲೆ ಅಣ್ಣ ಅಂಗಾತ ಬಿದ್ದುಕೊಂಡು, ಬಾಯಿ ತೆರೆದು, ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದ. ಪಗಾರ ನಿಂತಾಗಿನಿಂದ ಅವನು ಹಾಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ. ಬಾಯಿ ತೆರೆದು ಕರೆಯಬೇಕೆನ್ನುವಷ್ಟರಲ್ಲಿ ಶಾಂತವ್ವ ಕೈ ಎತ್ತಿ ತಡೆದಳು.

“ಮಲಗ್ಲಿ ಬಿಡ್ರಿ ಅಕ್ಕಾರ. ಇವತ್ತ ನೀರು ಹಾಯ್ಸೂದಿಲ್ಲ.”

ನಾನು ಅವಳ ಪಕ್ಕದಲ್ಲಿ ಹೊಸ್ತಿಲ ಮೇಲೆ ಕುಳಿತೆ. ಮಳೆ ನಿಲ್ಲುವ ತನಕ ಇಬ್ಬರೂ ಏಳಲಿಲ್ಲ, ಅವನನ್ನು ಎಬ್ಬಿಸಲೂ ಇಲ್ಲ.